ಬೇವಿನ ಹೂ ಆರಿಸಲು ಹಳೇ ಪಂಚೆ ಸಾಕು

ಬೇವಿನ ಹೂ ಬೇಕಿದ್ದರೆ ಕೊಂಬೆ ಮುರಿಯಬೇಡಿ. ರಾತ್ರಿ ಮರದಡಿ ಹಳೇ ಪಂಚೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು ಬನ್ನಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಡಚಿ ತಂದರಾಯಿತು. ಅರಳಿ ಮುಗಿದ ಹೂ ತಾನಾಗಿ ಉದುರುತ್ತೆ, ನೆಲ ಮುಟ್ಟದ ಕಾರಣ ಮಣ್ಣು ಅಂಟಿರಲ್ಲ, ಮರದಲ್ಲಿ ಕಾಯಿ ಕಟ್ಟೋದಕ್ಕೂ ತೊಂದರೆಯಿಲ್ಲ. ಮೊರದಲ್ಲಿ ಹರಡಿ ಎಲೆಚೂರು ಆರಿಸಿ, ಸ್ವಲ್ಪ ಹೊತ್ತು ಬಿಟ್ಟರೆ ಇರುವೆಗಳು ತಾವೇ ಜಾಗ ಖಾಲಿ ಮಾಡುತ್ತವೆ. ಒಣಗಿಸೋದು ನೆರಳಲ್ಲೇ, ಬಿರುಬಿಸಿಲಿಗೆ ಇಟ್ಟರೆ ಆ ಜೇನಿನಂಥ ಘಮ ಹೋಗಿಬಿಡುತ್ತೆ. ಬೆರಳಲ್ಲಿ ಹೊಸಕಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಒಂದು ಚಮಚ ತುಪ್ಪದಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು ತಿಳಿಸಾರಿಗೆ ಹಾಕಿ, ಇಲ್ಲವೇ ಬಿಸಿ ಅನ್ನಕ್ಕೆ ಉಪ್ಪಿನ ಜೊತೆ ಕಲಸಿ. ಕಹಿ ಇರುತ್ತೆ, ಆದರೆ ಮುಖ ಹಿಂಡುವಷ್ಟಲ್ಲ. (ಯುಗಾದಿಯ ಬೇವುಬೆಲ್ಲಕ್ಕೆ ಮಾತ್ರ ಹಸಿ ಹೂವೇ ಚೆಂದ.) ರಾತ್ರಿ ಮಳೆ ಬಂದರೆ ಈ ಉಪಾಯ ಕೆಲಸಕ್ಕೆ ಬರಲ್ಲ: ನೆನೆದ ಹೂ ಕಪ್ಪಾಗಿ ಬೂಸ್ಟು ಹಿಡಿಯುತ್ತೆ, ಮರದ ಬುಡಕ್ಕೇ ಸುರಿದುಬಿಡಿ. ದೊಡ್ಡ ರಸ್ತೆ ಪಕ್ಕದ ಮರದ್ದೂ ಬೇಡ, ಹೂವಿಗಿಂತ ಧೂಳೇ ಜಾಸ್ತಿ.