ಹಾಲ್ ಬಿಟ್ಟೆವು, ಶಾಲು ಬಿಟ್ಟೆವು: ಮುಂಬೈ ಕನ್ನಡ ಶಾಲೆಗಳ ಪ್ರತಿಭಾ ಪುರಸ್ಕಾರ, ನನ್ನ ಅನುಭವ

ಹೋದ ಆಗಸ್ಟ್ 15ರಂದು ನಮ್ಮ ಕಾರ್ಯಕ್ರಮ ಮುಗಿದಾಗ ಮಧ್ಯಾಹ್ನ ಒಂದೂವರೆ. ಹೆಸರು ಕರೆದ ಸುಮಾರು 160 ಮಕ್ಕಳಲ್ಲಿ ಬಾರದವರು ಒಂಬತ್ತೋ ಹತ್ತೋ. ಏಳೆಂಟು ಕನ್ನಡ ಶಾಲೆಗಳನ್ನು ಸೇರಿಸಿ ಪ್ರತಿಭಾ ಪುರಸ್ಕಾರ ಮಾಡಿದವರಿಗೆ ಈ ಲೆಕ್ಕದ ಬೆಲೆ ಗೊತ್ತಿರುತ್ತದೆ. "ಹಾಲ್ ಇಲ್ಲ, ಮುಖ್ಯ ಅತಿಥಿ ಇಲ್ಲ, ಶಾಲೂ ಇಲ್ಲ. ಯಾರು ಬರ್ತಾರೆ ಮಾರಾಯ್ರೆ?" ಅಂತ ಕೇಳಿದ್ದು ನಮ್ಮ ಸಮಿತಿಯ ಹಿರಿಯರೇ. ಈಗ ಅವರೇ ಬೇರೆ ಸಂಘದವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಬರೆದುಬಿಡುವುದೇ ಲೇಸು ಅನ್ನಿಸಿತು.

ಮೊದಲ ವರ್ಷ ನಾನೂ ಎಲ್ಲರ ಹಾಗೆಯೇ ಮಾಡಿದೆ. ಜೂನ್ ಕೊನೆಯ ಭಾನುವಾರ, ಮಾಟುಂಗಾ ಕಡೆ ಒಂದು ಹಾಲ್, ಅರ್ಧ ದಿನಕ್ಕೆ 18 ಸಾವಿರ. ಸ್ಮರಣಿಕೆ 140, ಒಂದಕ್ಕೆ 220 ರೂಪಾಯಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕು, ಫೋಟೋ, ಉಪಾಹಾರ ಎಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರದ ಮೇಲೆ ಹೋಯಿತು. ಬಂದ ಮಕ್ಕಳು 60 ದಾಟಲಿಲ್ಲ. ಅವತ್ತು ಹಾರ್ಬರ್ ರೈಲು ಮಾರ್ಗದಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ರೈಲು ಬಂದ್. ಚೆಂಬೂರು, ಮಾನ್‌ಖುರ್ದ್ ಕಡೆಯವರು ಸ್ಟೇಷನ್ನಿನಿಂದಲೇ ವಾಪಸಾದರು. ಬಂದ ಮಕ್ಕಳಾದರೂ ಎರಡು ಗಂಟೆ ಭಾಷಣ ಕೇಳಿ, ಹೆಸರು ಕರೆಯುವ ಹೊತ್ತಿಗೆ ಹಸಿದು ಬಾಡಿಹೋಗಿದ್ದರು. ಉಳಿದ ಎಂಬತ್ತು ಸ್ಮರಣಿಕೆ ನನ್ನ ಪ್ರೆಸ್ಸಿನ ಅಟ್ಟದಲ್ಲಿ ವರ್ಷವಿಡೀ ಕೂತವು.

ಅದಕ್ಕಿಂತ ದೊಡ್ಡ ತಪ್ಪು ಪಟ್ಟಿಯಲ್ಲಿ ಆಯಿತು. ಹತ್ತನೆಯ ತರಗತಿಯ ಅಂಕಗಳನ್ನು ಒಂದು ಶಾಲೆ ಆರೂ ವಿಷಯ ಕೂಡಿ 600ಕ್ಕೆ ಲೆಕ್ಕ ಹಾಕಿ ಕಳಿಸಿತ್ತು, ಇನ್ನೊಂದು 'ಬೆಸ್ಟ್ ಆಫ್ ಫೈವ್', ಅಂದರೆ ಹೆಚ್ಚು ಅಂಕ ಬಂದ ಐದು ವಿಷಯ ಮಾತ್ರ ಹಿಡಿದು ಶೇಕಡಾವಾರು ಕಳಿಸಿತ್ತು. ನಾನು ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ, ಒಬ್ಬ ಹುಡುಗಿಗೆ ಸಲ್ಲಬೇಕಿದ್ದ ಮೊದಲ ಬಹುಮಾನ ಬೇರೆಯವರಿಗೆ ಕೊಟ್ಟುಬಿಟ್ಟೆ. ಮರುವಾರ ಹೆಡ್‌ಮಾಸ್ತರರನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ, ಆಂಟಾಪ್ ಹಿಲ್‌ಗೆ ಹೋಗಿ ಅದೇ ಮೊತ್ತದ ಬಹುಮಾನ ಕೊಟ್ಟು ಬಂದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದರು ಅವಳಪ್ಪ. ಅವಳು ಮಾತ್ರ ತಲೆ ಎತ್ತಲಿಲ್ಲ. ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಹೆಸರಿನ ಗೋಳು ನಿಮಗೂ ಗೊತ್ತಿದೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಮಗುವಿನ ಹೆಸರು, ಆಮೇಲೆ ಅಪ್ಪನ ಹೆಸರು. ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಮಕ್ಕಳಿಗೆ ಅಡ್ಡಹೆಸರಿನ ಜಾಗದಲ್ಲಿ ಊರ ಹೆಸರು ಬರೆಸಿರುತ್ತಾರೆ. ವೇದಿಕೆಯಿಂದ ಊರ ಹೆಸರು ಕೂಗಿದರೆ ಮಗು ಏಳುವುದು ಹೇಗೆ? ಈಗ ಪಟ್ಟಿಯನ್ನು ತರಗತಿಯ ಟೀಚರೇ ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಬೇಕು, ಮಗುವನ್ನು ಶಾಲೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ. ಒಬ್ಬರು ನುಡಿ ತಂತ್ರಾಂಶದಲ್ಲಿ, ಇನ್ನೊಬ್ಬರು ಬರಹ ತಂತ್ರಾಂಶದಲ್ಲಿ ಟೈಪು ಮಾಡಿ ಕಳಿಸಿ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುವ ಕಾಟವೂ ತಪ್ಪಿತು. ಟೈಪು ನಾನೇ ಮಾಡುತ್ತೇನೆ, ಕರಡನ್ನು ಟೀಚರ ಸಹಿ ಇಲ್ಲದೆ ಮುದ್ರಿಸುವುದಿಲ್ಲ.

ಶೇಕಡಾ 75 ಅಂಕ ದಾಟಿದವರಿಗೆ ಮಾತ್ರ ಅನ್ನುವ ಹಳೆಯ ನಿಯಮ ತೆಗೆಸಲು ನಾನು ಜಗಳವನ್ನೇ ಆಡಿದೆ. ನಾನು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಶೇಕಡಾ 51 ತೆಗೆದವನು. ಆ 51ಕ್ಕೆ ಯಾರೂ ಕರೆದು ಒಂದು ಪೆನ್ನೂ ಕೊಟ್ಟಿರಲಿಲ್ಲ. ಈಗ ಅಂಕಕ್ಕೆ ಒಂದು ಪಾಲು, ಒಂಬತ್ತನೆಯ ತರಗತಿಗಿಂತ ಹತ್ತರಲ್ಲಿ ಅಂಕ ಏರಿದ್ದಕ್ಕೆ ಒಂದು ಪಾಲು, ಕೆಲಸ ಮಾಡಿಕೊಂಡೋ ತಮ್ಮ ತಂಗಿಯರನ್ನು ನೋಡಿಕೊಂಡೋ ಶಾಲೆ ಬಿಡದೆ ಉಳಿದವರಿಗೆ ಒಂದು ಪಾಲು. ಮೂರನೆಯದನ್ನು ಟೀಚರುಗಳೇ ಆರಿಸುತ್ತಾರೆ, ನಾವು ಪ್ರಶ್ನಿಸುವುದಿಲ್ಲ.

ದಿನಾಂಕ ಹೊಳೆದದ್ದು ಮೂರನೆಯ ವರ್ಷ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ, ಭಾನುವಾರ ಮೆಗಾ ಬ್ಲಾಕ್, ಚೌತಿಗೆ ಮತ್ತೆ ಊರು. ಆಗಸ್ಟ್ 15ರಂದು ಮಾತ್ರ ಮಕ್ಕಳು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ತಾವಾಗಿಯೇ ಶಾಲೆಯಲ್ಲಿರುತ್ತಾರೆ, ಟೀಚರುಗಳೂ ಇರುತ್ತಾರೆ. ಅವರವರ ಶಾಲೆಯ ಧ್ವಜಾರೋಹಣ ಮುಗಿಸಿ ಹತ್ತೂವರೆಗೆ ಆ ವರ್ಷದ ಆತಿಥೇಯ ಶಾಲೆಗೆ ಬಂದರಾಯಿತು. ಹತ್ತು ಮುಗಿಸಿ ಕಾಲೇಜು ಸೇರಿದವರೂ ಅವತ್ತು ಹಳೆಯ ಶಾಲೆಗೆ ಬರುತ್ತಾರೆ. ಹಾಲ್ ಬಾಡಿಗೆ ಸೊನ್ನೆ. ಮಳೆ ಇದ್ದೇ ಇರುತ್ತದೆ, ಅಂಗಳದ ಆಸೆ ಬಿಡಿ, ಒಳಗೇ ಮಾಡಿ.

ಇನ್ನು ಬಹುಮಾನ ಯಾರು ಕೊಡಬೇಕು? ಮಗುವಿನ ಅಮ್ಮ ಅಥವಾ ಅಪ್ಪ. ಇದೇ ನಮ್ಮ ಇಡೀ ಕಾರ್ಯಕ್ರಮದ ಜೀವ. ಅತಿಥಿಯ ಕೈಯಿಂದ ತೆಗೆದುಕೊಳ್ಳಲು ಮಗು ಒಂದೇ ಬರುತ್ತದೆ. ಅಮ್ಮನೇ ಕೊಡಬೇಕು ಅಂದರೆ ಆಕೆ ಒಂದು ದಿನದ ಕೂಲಿ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅಕ್ಕಪಕ್ಕದವರನ್ನೂ ಕರೆದುಕೊಂಡು ಬರುತ್ತಾಳೆ. ಹೋದ ಸಲ ಕಟ್ಟಡ ಕೆಲಸದ ಒಬ್ಬ ತಾಯಿ ಪ್ರಮಾಣಪತ್ರವನ್ನು ಮಗನಿಗೆ ಕೊಟ್ಟವಳು ಮತ್ತೆ ಈಸಿಕೊಂಡು, ಮೇಲೆ ಬರೆದದ್ದನ್ನು ಅವನಿಂದ ಓದಿಸಿಕೊಂಡು ಕೇಳಿದ ಮೇಲೆಯೇ ಕೆಳಗಿಳಿದಳು. ಅಷ್ಟೂ ಹೊತ್ತು ಇಡೀ ಕೋಣೆ ಸುಮ್ಮನಿತ್ತು.

ಸ್ಮರಣಿಕೆಯ ಬದಲು ಆ ಕ್ಷಣದ ಫೋಟೋ, ಫ್ರೇಮು ಸಮೇತ. ವಾರದೊಳಗೆ ಶಾಲೆಗೆ ತಲುಪಿಸುತ್ತೇವೆ. ಫ್ರೇಮು ಒಂದಕ್ಕೆ 65-70 ಬೀಳುತ್ತದೆ. ಎಲ್ಲಿಂದ ತರುತ್ತೇನೆ ಅನ್ನುವುದನ್ನು ಬರೆಯಲಾರೆ, ಅವರು ನನಗಾಗಿ ಆ ದರ ಕೊಡುವವರು. ಪ್ರಮಾಣಪತ್ರ ದಪ್ಪನೆಯ 300 ಜಿಎಸ್‌ಎಂ ಕಾಗದದಲ್ಲಿ ನನ್ನದೇ ಪ್ರೆಸ್ಸಿನಲ್ಲಿ, ಕಾಗದದ ಖರ್ಚಿಗೆ. ಶೀರಾ, ಉಪ್ಪಿಟ್ಟು ಒಬ್ಬ ಹೋಟೆಲ್ ಮಾಲಕರದ್ದು. ಒಟ್ಟು ಖರ್ಚು 38 ಸಾವಿರದ ಆಸುಪಾಸು. ದಾನಿಗಳ ಭಾಷಣ ಇಲ್ಲದೆ ದಾನ ತರುವ ಉಪಾಯವೂ ನನ್ನಲ್ಲಿದೆ, ಅದು ನನ್ನಲ್ಲೇ ಇರಲಿ.

ಪ್ರತಿ ಶಾಲೆಗೆ ಮೂರು ನಿಮಿಷ: ಆ ವರ್ಷ ಪಾಲಕರು, ಹಳೆ ವಿದ್ಯಾರ್ಥಿಗಳು, ಓಣಿಯವರು ಸೇರಿ ಶಾಲೆಗೆ ಏನು ಮಾಡಿದರು ಎಂದು ಮಕ್ಕಳೇ ಹೇಳಬೇಕು. ಒಂದು ಶಾಲೆಯ ಪಾಲಕರು ನಲ್ಲಿ ರಿಪೇರಿ ಮಾಡಿಸಿ ಬಣ್ಣ ಹಚ್ಚಿದ್ದನ್ನು ಕೇಳಿ ಮರುವರ್ಷ ಮತ್ತೆರಡು ಶಾಲೆಯವರು ಮಾಡಿಸಿದರು. ಇದನ್ನೇ ಗೋಡೆಪತ್ರಿಕೆ ಮಾಡಿ ಶಾಲೆಯಿಂದ ಶಾಲೆಗೆ ಕಳಿಸಲು ನೋಡಿದೆ, ಎರಡನೆಯ ಶಾಲೆಯಲ್ಲೇ ನಿಂತುಹೋಯಿತು. ಮುಂಬೈ ಮಹಾನಗರ ಪಾಲಿಕೆ ನಡೆಸುವುದು ಎಂಟು ಭಾಷಾ ಮಾಧ್ಯಮಗಳ ಶಾಲೆ, ಒಂದೇ ಕಟ್ಟಡದಲ್ಲಿ ಮಾಳಿಗೆಗೊಂದು ಮಾಧ್ಯಮ ಇರುವುದೂ ಉಂಟು. ಅಂಥ ಒಂದು ಕಡೆ ಕೆಳಗಿನ ಕೋಣೆ ಕೇಳಲು ಹೋಗಿ ತಮಿಳು, ಉರ್ದು ಶಾಲೆಗಳಿಂದಲೂ ಇಬ್ಬಿಬ್ಬರು ಮಕ್ಕಳನ್ನು ಪಟ್ಟಿಗೆ ಸೇರಿಸಿಕೊಂಡೆವು. ಅಂದಿನಿಂದ ಕುರ್ಚಿ ಹೊರುವವರು ಆ ಮಕ್ಕಳೇ.

ಈ ಸಲದ ಆತಿಥ್ಯ ಪಟ್ಟಿಯ ಅತಿ ಚಿಕ್ಕ ಶಾಲೆಗೆ. ಒಂದನೆಯ ತರಗತಿಗೆ ಅಲ್ಲಿ ಸೇರಿದ್ದು ಆರು ಮಕ್ಕಳು. ಕೋಣೆ ಸಣ್ಣದು, ಬೇರೆ ಕಡೆ ಇಡೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಎರಡು ಕೋಣೆಗಳ ನಡುವಿನ ಮರದ ಅಡ್ಡಗೋಡೆ ಬಿಚ್ಚಿಡಲು ಹೆಡ್‌ಮಾಸ್ತರರು ಒಪ್ಪಿದ್ದಾರೆ, ಬಡಗಿಗೆ ಮುಂಗಡ ಕೊಟ್ಟು ಬಂದಿದ್ದೇನೆ.