ಪೋರ್ಚುಗೀಸಿನಲ್ಲಿ ‘ನಾನೇ’ ಅನ್ನುವುದು ಹೇಗೆ?

ಲಿಸ್ಬನ್‌ನ ಒಂದು ಅಪಾರ್ಟ್‌ಮೆಂಟಿನ ಕೆಳಬಾಗಿಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಮೂರನೇ ಮಹಡಿಯ ಎಡಗಡೆ ಮನೆಯ ಬೆಲ್ ಒತ್ತಿದ್ದೀರಿ. ಸ್ಪೀಕರಿನಿಂದ ದನಿ ಬರುತ್ತದೆ: ‘ಕೇಂ ಎ?’ ಯಾರು ಅಂತ. ಗೆಳತಿಯ ಮನೆಯಾದರೆ ‘ಸೋ ಎಉ’ ಅಂದರೆ ಸಾಕು. ನಾವು ‘ನಾನೇ, ಬಾಗಿಲು ತೆಗಿ’ ಅನ್ನುತ್ತೇವಲ್ಲ, ಅದೇ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕನ್ನಡದಲ್ಲಿ ‘ನಾನು ರಮೇಶ್’ ಅಂದರೆ ಮುಗಿಯಿತು, ಕ್ರಿಯಾಪದವೇ ಬೇಡ. ಅಲ್ಲಿ ಇದು ಉಲ್ಟಾ. ‘ಎಉ’ ಅಂದರೆ ‘ನಾನು’, ಅದನ್ನು ಬಿಟ್ಟರೂ ನಡೆಯುತ್ತದೆ, ಆದರೆ ‘ಸೋ’ ಅನ್ನುವ ಕ್ರಿಯಾಪದ ಬಿಡುವಂತಿಲ್ಲ. ನಮ್ಮ ‘ಬಂದೆ’, ‘ಹೋದೆ’ಯಲ್ಲಿ ‘ನಾನು’ ಅಡಗಿರುವ ಹಾಗೆ ‘ಸೋ’ ಒಳಗೂ ಅಡಗಿದೆ. ಬ್ರೆಜಿಲ್‌ನವರು ‘ಎಉ’ ಸ್ವಲ್ಪ ಜಾಸ್ತಿ ಬಳಸುತ್ತಾರೆ. ಪೋರ್ಚುಗಲ್‌ನಲ್ಲಿ ಪ್ರತಿ ಸಲ ಹೇಳಿದರೆ ‘ನಾನು, ನಾನು’ ಅಂತ ಒತ್ತಿ ಹೇಳಿದ ಹಾಗಾಗುತ್ತದೆ.

ಇನ್ನು ಹೆಸರು. ‘ಸೋ ಉ ರಮೇಶ್’, ‘ಸೋ ಅ ಲಕ್ಷ್ಮಿ’. ಹೆಸರಿಗೆ ಮುಂಚೆ ಗಂಡಸರಿಗೆ ‘ಉ’, ಹೆಂಗಸರಿಗೆ ‘ಅ’. ಪೋರ್ಚುಗಲ್‌ನ ದಿನದ ಮಾತಿನಲ್ಲಿ ಇದು ಇರಲೇಬೇಕು. ‘ನನ್ನನ್ನು ಹೀಗೆ ಕರೆಯುತ್ತಾರೆ’ ಅನ್ನುವ ಅರ್ಥದ ‘ಶಮು-ಮ’ದಿಂದ ಶುರು ಮಾಡಿದರೆ ಮಾತ್ರ ಇದು ಬೇಡ: ‘ಶಮು-ಮ ಲಕ್ಷ್ಮಿ’. ಬ್ರೆಜಿಲ್‌ನಲ್ಲಿ ಇದನ್ನೇ ತಿರುಗಿಸಿ ‘ಮಿ ಶಮು’ ಅನ್ನುತ್ತಾರೆ.

ಕೆಲಸ ಹೇಳುವುದು ನಮಗೆ ಸುಲಭ. ಡಾಕ್ಟರಾದರೆ ‘ಸೋ ಮೆದಿಕು’, ಹೆಂಗಸಾದರೆ ‘ಸೋ ಮೆದಿಕ’. ಇಂಗ್ಲಿಷಿನ ಅಭ್ಯಾಸಕ್ಕೆ ಸುಮ್ನೆ ನಡುವೆ ‘ಒಬ್ಬ’ ಅನ್ನುವ ಪದ ತುರುಕಬೇಡಿ, ಕನ್ನಡದ ಹಾಗೆ ನೇರ ಹೇಳಿ. ಸುಸ್ತಾಗಿದೆ ಅನ್ನಬೇಕಾದರೆ ‘ಸೋ’ ಅಲ್ಲ, ‘ಶ್ತೋ’. ಸದ್ಯಕ್ಕೆ ಇರುವ ಸ್ಥಿತಿಗೆ ಆ ಕ್ರಿಯಾಪದ.

ಪೋರ್ಚುಗಲ್‌ನಲ್ಲಿ ಫೋನ್ ಎತ್ತಿದವರು ಹಲೋ ಬದಲು ಇದೇ ‘ಶ್ತೋ’ ಅನ್ನುತ್ತಾರೆ, ಇದ್ದೇನೆ ಅಂತ. ಆಗ ನೀವು ‘ದಕಿ ಫಾಲ ಅ ಲಕ್ಷ್ಮಿ’ ಅನ್ನಿ. ‘ಇಲ್ಲಿಂದ ಲಕ್ಷ್ಮಿ ಮಾತಾಡುತ್ತಿದ್ದಾಳೆ’ ಅಂತ ಅದರ ಅರ್ಥ. ನಮ್ಮವರೂ ಫೋನಿನಲ್ಲಿ ‘ಲಕ್ಷ್ಮಿ ಮಾತಾಡ್ತಿರೋದು’ ಅನ್ನುತ್ತಾರೆ, ಅಲ್ವಾ?

ಕಚೇರಿಗೆ ಹೋದಾಗ ‘ಅಪ್‌ಲೀದು’ ಏನು ಅಂತ ಕೇಳಿದರೆ ಹುಷಾರು. ಪೋರ್ಚುಗಲ್‌ನಲ್ಲಿ ಅದು ಮನೆತನದ ಹೆಸರು, ಬ್ರೆಜಿಲ್‌ನಲ್ಲಿ ಗೆಳೆಯರು ಪ್ರೀತಿಯಿಂದಲೋ ತಮಾಷೆಗೋ ಇಟ್ಟ ಹೆಸರು. ನಮ್ಮ ‘ಅಡ್ಡಹೆಸರು’ ಕೂಡ ಹೀಗೇ, ಉತ್ತರ ಕರ್ನಾಟಕದಲ್ಲಿ ಒಂದು ಅರ್ಥ, ಮೈಸೂರು ಕಡೆ ಇನ್ನೊಂದು. ಬ್ರೆಜಿಲ್‌ನವರಿಗೆ ಮನೆತನದ ಹೆಸರು ಬೇಕಿದ್ದರೆ ‘ಸೊಬ್ರೆನೋಮಿ’ ಅಂತ ಕೇಳುತ್ತಾರೆ.