ಖಿನ್ನತೆಯಿಂದ ಚೇತರಿಸಿಕೊಳ್ಳುವಾಗ ನೋಟ್‌ಬುಕ್ ಹೀಗಿಡಿ

ಖಿನ್ನತೆಗೆ ಮಾತ್ರೆ ಶುರುವಾಗಿ ಎರಡು ವಾರವಾದರೂ ‘ಏನೂ ಬದಲಾಗಿಲ್ಲ’ ಎನ್ನಿಸುವುದು ಸಾಮಾನ್ಯ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಜೊತೆಗೆ, ಖಿನ್ನತೆಯಲ್ಲಿರುವ ಮನಸ್ಸು ಕೆಟ್ಟ ದಿನಗಳನ್ನೇ ಹಿಡಿದಿಟ್ಟುಕೊಂಡು, ಕೊಂಚ ಹಗುರಾಗಿದ್ದ ಮಂಗಳವಾರವನ್ನು ಮರೆತುಬಿಡುತ್ತದೆ. ಆ ಮಂಗಳವಾರ ದಾಖಲಾಗಲಿ ಎಂದೇ ನೋಟ್‌ಬುಕ್. ಬರೆಯುತ್ತಿದ್ದೇನಲ್ಲ ಎಂದು ಮಾತ್ರೆಯನ್ನಾಗಲಿ ಆಪ್ತಸಮಾಲೋಚನೆಯನ್ನಾಗಲಿ ನಿಲ್ಲಿಸುವಂತಿಲ್ಲ.

ನೂರು ಪುಟದ ಸಾದಾ ನೋಟ್‌ಬುಕ್ಕು, ಒಂದು ಬಾಲ್‌ಪೆನ್ನು ಸಾಕು. ತಾರೀಖು ಅಚ್ಚಾದ ಡೈರಿ ಬೇಡ. ಬರೆಯದೆ ಬಿಟ್ಟ ದಿನಗಳ ಖಾಲಿ ಪುಟಗಳು ಅಣಕಿಸುತ್ತವೆ. ಮನೆಯಲ್ಲಿ ಯಾರಾದರೂ ಓದುತ್ತಾರೆಂಬ ಅಳುಕಿದ್ದರೆ ಬೀಗ ಹಾಕುವ ಜಾಗದಲ್ಲಿಡಿ. ಅಳುಕಿಟ್ಟುಕೊಂಡು ಬರೆದದ್ದು ಪರರಿಗಾಗಿ ಬರೆದ ವರದಿಯಾಗುತ್ತದೆ.

ಮೊದಲ ಎರಡು ವಾರ ಭಾವನೆಗಳನ್ನು ಬಣ್ಣಿಸಲು ಹೋಗಬೇಡಿ. ರಾತ್ರಿ ಊಟವಾದ ಮೇಲೆ ಐದು ನಿಮಿಷ, ಬರೀ ಲೆಕ್ಕ. ಮನಸ್ಸಿಗೆ 0ರಿಂದ 10ರವರೆಗೆ ಅಂಕ ಕೊಡಿ. 0 ಎಂದರೆ ತೀರಾ ಕೆಟ್ಟದ್ದು. ಹೀಗೆ:

‘ನಿದ್ದೆ 5 ಗಂಟೆ. ಮಾತ್ರೆ ಆಯಿತು. ಬೆಳಿಗ್ಗೆ 3. ಸಂಜೆ ನಡೆದು ಹೋಗಿ ಮೊಸರು ತಂದೆ, ಬಂದ ಮೇಲೆ 4.’

ಈ ಒಂದು ಅಂಕದ ಏರಿಕೆ ಮುಖ್ಯ. ಯಾವ ಕೆಲಸದ ನಂತರ ಅಂಕ ಏರುತ್ತದೆಂದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಮುಂದಿನ ವಾರ ಆ ಕೆಲಸಕ್ಕೆ ದಿನ, ಹೊತ್ತು ಗೊತ್ತುಮಾಡಿ. ಒಂದು ದಿನ ತಪ್ಪಿದರೆ ಹಿಂದಿನದನ್ನು ತುಂಬಿಸಲು ಕೂರಬೇಡಿ.

ಕೃತಜ್ಞತೆಯ ಸಾಲುಗಳು ಆಮೇಲೆ ಬರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರು ಒಂದು ವಾರ, ಪ್ರತಿ ರಾತ್ರಿ, ಒಳ್ಳೆಯದಾದ ಮೂರು ಸಂಗತಿ ಮತ್ತು ಅವು ಏಕೆ ಆದವು ಎಂಬುದನ್ನು ಬರೆದಿದ್ದರು. ಈ ‘ಏಕೆ’ಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ‘ಮನೆ, ಆರೋಗ್ಯ, ಕುಟುಂಬ’ ಎಂದು ದಿನವೂ ಬರೆದರೆ ನಾಲ್ಕನೇ ದಿನಕ್ಕೆ ಅದು ಹಾಜರಿ ಪುಸ್ತಕ. ‘ಅಕ್ಕ ಫೋನ್ ಮಾಡಿದಳು, ನಿನ್ನೆ ಅವಳಿಗೆ ನಾನೇ ಮೆಸೇಜ್ ಹಾಕಿದ್ದೆ’ ಎಂದು ಬರೆದಾಗ ನಿಮ್ಮ ಕೈಯಿಂದಲೂ ಏನೋ ಆಗಿದೆ ಎಂಬುದು ಕಾಣುತ್ತದೆ. ಮೂರು ಸಿಗದಿದ್ದರೆ ಒಂದೇ ಬರೆಯಿರಿ. ದಿನವೂ ಬರೆದು ಬೇಸರ ಬಂದರೆ ವಾರಕ್ಕೊಮ್ಮೆ ಮಾಡಿ. ಖಿನ್ನತೆಯ ಮೇಲೆ ಇದರ ಪರಿಣಾಮ ಸಣ್ಣದು. ಪವಾಡ ಎನ್ನುವವರನ್ನು ನಂಬಬೇಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ‘ನಿನಗೇನು ಕಮ್ಮಿ?’ ಎಂದು ಮನೆಯವರಿಂದ ಕೇಳಿ ಕೇಳಿ ಬಂದವರಿಗೆ ಕೃತಜ್ಞತೆಯ ಪಟ್ಟಿಯೇ ಆರೋಪಪಟ್ಟಿಯಾಗಬಹುದು: ‘ಇಷ್ಟೆಲ್ಲ ಇದ್ದೂ ನಾನು ಹೀಗೆ.’ ಹಾಗಾದರೆ ಆ ಭಾಗವನ್ನು ನಿಲ್ಲಿಸಿ, ಅಂಕದ ಲೆಕ್ಕಕ್ಕೆ ಮರಳಿ. ಹಿಂಸೆ ಕೊಡುವವರಿಗೆ ಕೃತಜ್ಞರಾಗಬೇಕಿಲ್ಲ.

ಮನಸ್ಸಿನ ಭಾರ ಇಳಿಸುವ ಬರಹದ ಕ್ರಮ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆಸಲಾಗಿತ್ತು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗುವುದುಂಟು, ಆದ್ದರಿಂದ ಮಲಗುವ ಮುಂಚೆ ಬೇಡ. ಸಂಜೆ ಅಲಾರಂ ಇಟ್ಟು ಬರೆದು, ಅದು ಬಡಿದೊಡನೆ ಎದ್ದು ಹತ್ತು ನಿಮಿಷ ಓಡಾಡಿ. ತಡೆಯಲಾಗುತ್ತಿಲ್ಲ ಎನ್ನಿಸಿದರೆ ಅಲ್ಲೇ ಪೆನ್ನು ಕೆಳಗಿಡಿ. ದೌರ್ಜನ್ಯ, ಅಪಘಾತದಂಥ ಆಘಾತಗಳ ಬಗ್ಗೆ ಆಪ್ತಸಮಾಲೋಚಕರನ್ನು ಕೇಳದೆ ಬರೆಯಬೇಡಿ. ಮೂರು ದಿನವೂ ಅದೇ ವಾಕ್ಯ ಸುತ್ತುತ್ತಿದ್ದರೆ ಅದು ಕೊರಗು. ಆಗ ‘ನಾನು’ ಬಿಟ್ಟು, ನಿಮ್ಮದೇ ಹೆಸರು ಹಿಡಿದು, ಬೇರೊಬ್ಬರ ಬಗ್ಗೆ ಹೇಳುವಂತೆ ಬರೆದು ನೋಡಿ.

ಸಾಯುವ ಯೋಚನೆ ಪುಟದ ಮೇಲೆ ಬಂದರೆ ಅದನ್ನು ಅಲ್ಲೇ ಮುಚ್ಚಿಡಬೇಡಿ. ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.

ಡಾಕ್ಟರ ಭೇಟಿಯ ಹಿಂದಿನ ದಿನ ನೋಟ್‌ಬುಕ್ ತಿರುವಿ ಒಂದೇ ಹಾಳೆಗೆ ಇಳಿಸಿ: ಸರಾಸರಿ ನಿದ್ದೆ, ತಪ್ಪಿದ ಮಾತ್ರೆಗಳು, ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕದ ದಿನ, ಹೊಟ್ಟೆ ತೊಳಸು, ಮಂಪರಿನಂಥ ತೊಂದರೆಗಳು. ‘ಹೇಗಿದ್ದೀರಿ?’ ಎಂದು ಕೇಳಿದಾಗ ಆ ಹಾಳೆಯನ್ನೇ ಕೊಡಿ.